ಒಂದು ಅಂಕದ ಉತ್ತರದ ಹಿಂದಿನ ಮನುಷ್ಯ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಈ ಸಾಲು ಬಾಯಿಪಾಠ. ರೇಬಿಸ್ ಲಸಿಕೆ ಕಂಡುಹಿಡಿದವರು ಯಾರು? ಲೂಯಿ ಪಾಶ್ಚರ್. ಯಾವ ವರ್ಷ? 1885. ಯಾವ ದೇಶ? ಫ್ರಾನ್ಸ್. ಒಂದು ಅಂಕ ಜೇಬಿಗೆ ಬಿತ್ತು, ಮುಂದಿನ ಪ್ರಶ್ನೆ. ಮೂರು ವರ್ಷದಿಂದ ನಾನೂ ಹೀಗೇ ಓದಿಕೊಂಡು ಬಂದಿದ್ದೆ. ನಿಜಲಿಂಗಪ್ಪ ಬಡಾವಣೆಯ ಒಂದು ನಾಯಿ ನನ್ನ ಕಾಲಿಗೆ ಹಲ್ಲು ತಾಗಿಸುವವರೆಗೂ ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದಾನೆ ಎಂಬುದು ಹೊಳೆದಿರಲಿಲ್ಲ.

ಅದು ಗುರುವಾರ. ಬೆಳಿಗ್ಗೆ ಆರು ಗಂಟೆಗೆ ಲೈಬ್ರರಿಯಲ್ಲಿ ಜಾಗ ಹಿಡಿಯಲು ಹೊರಟಿದ್ದೆ. ಭಾನುವಾರ ಪರೀಕ್ಷೆ. ತಿರುವಿನಲ್ಲಿ ಮಲಗಿದ್ದ ಬೀದಿನಾಯಿ ಯಾವ ಮುನಿಸಿಗೋ ಎದ್ದು ಬಂದು ಮೀನಖಂಡಕ್ಕೆ ಬಾಯಿ ಹಾಕಿ ಓಡಿತು. ಪ್ಯಾಂಟ್ ಹರಿದಿರಲಿಲ್ಲ. ಮೇಲೆತ್ತಿ ನೋಡಿದರೆ ಎರಡು ಸಣ್ಣ ಗುರುತು, ಒಂದರಲ್ಲಿ ಸಾಸಿವೆ ಕಾಳಿನಷ್ಟು ರಕ್ತ. ರೂಮಿಗೆ ಬಂದು ಹತ್ತಿಯಲ್ಲಿ ಒರೆಸಿ ಮತ್ತೆ ಲೈಬ್ರರಿಗೆ ಹೋದೆ. ರೂಮ್‌ಮೇಟ್ ಇಷ್ಟಕ್ಕೆಲ್ಲ ಯಾರು ಆಸ್ಪತ್ರೆಗೆ ಹೋಗುತ್ತಾರೆ ಎಂದು ನಕ್ಕ. ಊರಿಗೆ ಫೋನ್ ಮಾಡಿದರೆ ಅವ್ವ ಸುಣ್ಣ ಹಚ್ಚು ಎಂದಳು. ಅಜ್ಜ ಹಿಂದಿನಿಂದ ಹೊಕ್ಕುಳಿನ ಸುತ್ತ ತಾನು ಹಾಕಿಸಿಕೊಂಡ ಹದಿನಾಲ್ಕು ಇಂಜೆಕ್ಷನ್ ನೆನಪಿಸಿ ಹೆದರಿಸಿದ. ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡೆ: ಪರೀಕ್ಷೆ ಮುಗಿಯಲಿ, ಸೋಮವಾರ ನೋಡಿದರಾಯಿತು.

ಅವತ್ತು ಸಂಜೆ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಅದೇ ಸಾಲು ಕಣ್ಣಿಗೆ ಬಿತ್ತು. ಪಾಶ್ಚರ್, 1885. ಈ ಸಲ ದಾಟಿ ಮುಂದೆ ಹೋಗಲಾಗಲಿಲ್ಲ. ಲೈಬ್ರರಿಯ ಕಪಾಟಿನಿಂದ ಅವನ ಜೀವನಚರಿತ್ರೆ ತೆಗೆದು ಕೂತೆ. ಅಂದು ಓದಿದ್ದು ಮತ್ತು ಆಮೇಲೆ ಹುಡುಕಿ ಓದಿದ್ದನ್ನು ಸೇರಿಸಿ ಇಲ್ಲಿ ಹೇಳುತ್ತಿದ್ದೇನೆ.

ಲೂಯಿ ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ಜ್ಯೂರಾ ಬೆಟ್ಟಸೀಮೆಯ ಡೋಲ್ ಎಂಬ ಊರಿನಲ್ಲಿ. ಅಪ್ಪ ಚರ್ಮ ಹದ ಮಾಡುವವನು. ನೆಪೋಲಿಯನ್ನನ ಸೇನೆಯಲ್ಲಿ ಸಾರ್ಜೆಂಟ್ ಆಗಿದ್ದು, ಯುದ್ಧ ಮುಗಿದ ಮೇಲೆ ಮನೆಯ ಕಸುಬಿಗೆ ಮರಳಿದ್ದವನು. ಕೆಲವೇ ವರ್ಷಗಳಲ್ಲಿ ಸಂಸಾರ ಆರ್ಬ್ವಾ ಎಂಬ ಪುಟ್ಟ ಊರಿಗೆ ಬಂತು. ಹೊಳೆಯ ದಂಡೆಯ ಮೇಲೆ ಮನೆ, ಮನೆಯಲ್ಲೇ ತೊಗಲಿನ ತೊಟ್ಟಿಗಳು. ಹುಡುಗ ಓದಿನಲ್ಲಿ ಸಾಧಾರಣ. ಚಿತ್ರ ಬಿಡಿಸುವುದರಲ್ಲಿ ಮಾತ್ರ ಕೈ ಚುರುಕು. ಹದಿಹರೆಯದಲ್ಲಿ ಅವನು ಬರೆದ ಅಪ್ಪ ಅಮ್ಮನ ಭಾವಚಿತ್ರಗಳು ಇಂದಿಗೂ ಉಳಿದಿವೆ.

1831ರ ಶರತ್ಕಾಲದಲ್ಲಿ, ಅವನಿಗೆ ಇನ್ನೂ ಒಂಬತ್ತು ತುಂಬಿರದಾಗ, ಹುಚ್ಚು ಹಿಡಿದ ತೋಳವೊಂದು ಆ ಸೀಮೆಯ ಹಳ್ಳಿಗಳಿಗೆ ನುಗ್ಗಿ ಸಿಕ್ಕಸಿಕ್ಕವರನ್ನು ಕಚ್ಚಿತು. ಆಗ ಇದ್ದದ್ದು ಒಂದೇ ಚಿಕಿತ್ಸೆ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕೆಂಪಗೆ ಕಾಯಿಸಿ ಗಾಯ ಸುಡುವುದು. ಪಾಶ್ಚರ್ ಮನೆಗೆ ಹತ್ತಿರದಲ್ಲೇ ಕುಲುಮೆ ಇತ್ತು. ಬರೆ ಹಾಕಿಸಿಕೊಂಡವರ ಕೂಗನ್ನು ಹುಡುಗ ಕೇಳಿಸಿಕೊಂಡ. ಕಚ್ಚಿಸಿಕೊಂಡವರಲ್ಲಿ ಹಲವರು ಕೆಲವು ವಾರಗಳಲ್ಲಿ ನೀರು ಕಂಡರೆ ನಡುಗುತ್ತ ಸತ್ತರು. ಐವತ್ತು ವರ್ಷ ದಾಟಿದರೂ ಅವನು ಅದನ್ನು ಮರೆಯಲಿಲ್ಲ.

ಇನ್ನು ನಮ್ಮಂಥವರಿಗೆ ಹತ್ತಿರವಾದ ಭಾಗ. ಹದಿನೈದರ ವಯಸ್ಸಿಗೆ ಅವನನ್ನು ಓದಲು ಪ್ಯಾರಿಸ್ಸಿಗೆ ಕಳಿಸಿದರು. ಊರಿನ ನೆನಪು ತಡೆಯಲಾರದೆ ಕೆಲವೇ ವಾರಗಳಲ್ಲಿ ಅಪ್ಪನೊಂದಿಗೆ ವಾಪಸ್ ಬಂದುಬಿಟ್ಟ. ಧಾರವಾಡಕ್ಕೋ ಬೆಂಗಳೂರಿಗೋ ಕೋಚಿಂಗ್‌ಗೆ ಹೋಗಿ ಹದಿನೈದು ದಿನಕ್ಕೆ ಬ್ಯಾಗ್ ಕಟ್ಟಿದವರಿಗೆ ಇದು ಅರ್ಥವಾಗುತ್ತದೆ. ಆಮೇಲೆ ಬೆಝಾನ್ಸೋನ್ ಎಂಬ ಹತ್ತಿರದ ಪಟ್ಟಣದಲ್ಲಿ ಓದಿದ. 1841ರಲ್ಲಿ ವಿಜ್ಞಾನದ ಪದವಿ ಪರೀಕ್ಷೆಯಲ್ಲಿ ಫೇಲಾದ. ಮರುವರ್ಷ ಪಾಸಾದಾಗ ರಸಾಯನಶಾಸ್ತ್ರದಲ್ಲಿ ಅವನಿಗೆ ಬಂದ ಷರಾ ಸಾಧಾರಣ ಎಂದು. ಮುಂದೆ ಜಗತ್ತಿಗೆ ರಸಾಯನಶಾಸ್ತ್ರ ಕಲಿಸಿದವನಿಗೆ ಸಿಕ್ಕ ಷರಾ ಅದು. ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ಎಂಬ ಹೆಸರಾಂತ ಶಿಕ್ಷಣ ಸಂಸ್ಥೆಯ ಪ್ರವೇಶ ಪರೀಕ್ಷೆ ಬರೆದ. ತೇರ್ಗಡೆಯಾದರೂ ರ‍್ಯಾಂಕ್ ಕೆಳಗಿತ್ತು. ಸಿಕ್ಕಿದ್ದೇ ಸಾಕು ಎಂದು ಸೇರಲಿಲ್ಲ. ಇನ್ನೊಂದು ವರ್ಷ ಓದಿ, ಮತ್ತೆ ಬರೆದು, ಮೇಲಿನ ಸ್ಥಾನ ಪಡೆದು 1843ರಲ್ಲಿ ಸೇರಿದ. ಒಂದು ವರ್ಷ ಹೋಯಿತೆಂದು ಕೊರಗುವವರು ಇದನ್ನು ನೆನಪಿಟ್ಟುಕೊಳ್ಳಬಹುದು.

1848ರಲ್ಲಿ, 25ರ ವಯಸ್ಸಿನಲ್ಲಿ, ಮೊದಲ ದೊಡ್ಡ ಶೋಧ. ದ್ರಾಕ್ಷಾರಸದ ಪೀಪಾಯಿಗಳಲ್ಲಿ ಸಿಗುವ ಟಾರ್ಟಾರಿಕ್ ಆಮ್ಲದ ಬಗೆಯ ಲವಣದ ಹರಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಅವುಗಳಲ್ಲಿ ಎರಡು ಜಾತಿ ಇರುವುದನ್ನು ಕಂಡ. ಎಡಗೈ ಬಲಗೈ ಇದ್ದ ಹಾಗೆ, ಒಂದು ಇನ್ನೊಂದರ ಕನ್ನಡಿ ಬಿಂಬ. ಚಿಮಟದಲ್ಲಿ ಒಂದೊಂದೇ ಹರಳು ಹೆಕ್ಕಿ ಬೇರೆ ಮಾಡಿದ. ಇಂದು ಬಿಎಸ್ಸಿ ಓದುವವರು ಅಣುಗಳ ಎಡ ಬಲದ ಬಗ್ಗೆ ಕಲಿಯುವ ಪಾಠ ಶುರುವಾಗುವುದು ಅಲ್ಲಿಂದ.

1849ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಅಧ್ಯಾಪಕನಾದ. ಅದೇ ವರ್ಷ ವಿಶ್ವವಿದ್ಯಾಲಯದ ಮುಖ್ಯಸ್ಥರ ಮಗಳು ಮರೀ ಲೊರಾಂಳನ್ನು ಮದುವೆಯಾದ. ಅವಳು ಮನೆವಾರ್ತೆಯ ಜೊತೆಗೆ ಅವನು ಹೇಳಿದ್ದನ್ನು ಬರೆದುಕೊಳ್ಳುತ್ತ, ಪ್ರಯೋಗಗಳ ಬಗ್ಗೆ ಪ್ರಶ್ನೆ ಕೇಳುತ್ತ, ಕೊನೆಯವರೆಗೂ ಕೆಲಸದ ಜೊತೆಗಾತಿಯಾಗಿದ್ದಳು. ಐದು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು ಚಿಕ್ಕವರಿದ್ದಾಗಲೇ ತೀರಿಕೊಂಡರು. ಅವರಲ್ಲಿ ಇಬ್ಬರನ್ನು ಒಯ್ದದ್ದು ಟೈಫಾಯ್ಡ್. ಸೋಂಕು ರೋಗದ ಕಾರಣ ಹುಡುಕುವುದು ಅವನಿಗೆ ಬರೀ ಪಠ್ಯದ ವಿಷಯವಾಗಿ ಉಳಿಯದಿರಲು ಇದೂ ಕಾರಣ ಇರಬಹುದು.

1854ರಲ್ಲಿ ಲಿಲ್ ಎಂಬ ಕೈಗಾರಿಕಾ ನಗರಕ್ಕೆ ಹೋದ. ಅಲ್ಲಿನ ಮದ್ಯ ತಯಾರಕರ ತೊಟ್ಟಿಗಳು ಕೆಡುತ್ತಿದ್ದವು. ಹುದುಗು ಬರುವುದು ಜೀವಿಗಳಿಂದ, ಕೆಡುವುದೂ ಬೇರೆ ಜೀವಿಗಳಿಂದ ಎಂದು ತೋರಿಸಿದ. ನಮ್ಮ ದೋಸೆ ಹಿಟ್ಟು ಉಬ್ಬುವುದೂ ಇಂಥ ಕಣ್ಣಿಗೆ ಕಾಣದ ಜೀವಿಗಳಿಂದಲೇ. 1860ರ ಸುಮಾರಿಗೆ, ಹಂಸದ ಕೊರಳಿನಂತೆ ಬಾಗಿದ ಗಾಜಿನ ಬುರುಡೆಗಳಲ್ಲಿ ಸಾರು ಕುದಿಸಿಟ್ಟು, ಧೂಳು ಒಳಗೆ ಇಳಿಯದಿದ್ದರೆ ಸಾರು ಕೆಡುವುದಿಲ್ಲ ಎಂದು ತೋರಿಸಿದ. ಜೀವ ತಾನಾಗಿಯೇ ಗಾಳಿಯಲ್ಲಿ ಹುಟ್ಟುತ್ತದೆ ಎಂಬ ಹಳೆಯ ನಂಬಿಕೆಗೆ ದೊಡ್ಡ ಪೆಟ್ಟು ಬಿತ್ತು. ದ್ರಾಕ್ಷಾರಸವನ್ನು ಕುದಿಸದೆ, ಒಂದು ಹದಕ್ಕೆ ಬಿಸಿ ಮಾಡಿ ಕೆಡದಂತೆ ಇಡುವ ಉಪಾಯ ಅದರ ಬೆನ್ನಿಗೇ ಬಂತು. ನಂದಿನಿ ಹಾಲಿನ ಪ್ಯಾಕೆಟ್ ಮೇಲೆ ಪಾಶ್ಚರೀಕರಿಸಿದ ಎಂದು ದಿನವೂ ಓದುತ್ತೇವಲ್ಲ, ಅದು ಅವನ ಹೆಸರೇ.

ಕರ್ನಾಟಕದ ರೇಷ್ಮೆ ಬೆಳೆಗಾರರಿಗೂ ಅವನ ಋಣ ಇದೆ. 1865ರಲ್ಲಿ ಫ್ರಾನ್ಸಿನ ದಕ್ಷಿಣದಲ್ಲಿ ರೇಷ್ಮೆಹುಳುಗಳು ರಾಶಿ ರಾಶಿ ಸಾಯುತ್ತಿದ್ದವು. ಹುಳುವನ್ನು ಕೈಯಲ್ಲಿ ಮುಟ್ಟಿಯೂ ಗೊತ್ತಿರದ ಪಾಶ್ಚರ್‌ನನ್ನು ಅಲ್ಲಿಗೆ ಕಳಿಸಿದರು. ಸುಮಾರು ಐದು ವರ್ಷ ಆ ಕೆಲಸಕ್ಕೆ ಹೋಯಿತು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಕಂಡರೆ ಅದರ ಮೊಟ್ಟೆಗಳನ್ನು ನಾಶ ಮಾಡುವ ಕ್ರಮ ಹಾಕಿಕೊಟ್ಟ. ಗಂಟುರೋಗ ತಡೆಯಲು ನಮ್ಮ ಬಿತ್ತನೆ ಕೋಠಿಗಳಲ್ಲಿ ತಾಯಿ ಚಿಟ್ಟೆ ಪರೀಕ್ಷೆ ನಡೆಯುವುದು ಇವತ್ತಿಗೂ ಅದೇ ತತ್ವದ ಮೇಲೆ. ಈ ಕೆಲಸದ ನಡುವೆಯೇ, 1868ರ ಅಕ್ಟೋಬರ್‌ನಲ್ಲಿ, 45ರ ವಯಸ್ಸಿಗೆ ಅವನಿಗೆ ಪಾರ್ಶ್ವವಾಯು ಬಡಿಯಿತು. ಎಡಗೈ ಎಡಗಾಲು ಪೂರ್ತಿ ಸರಿಹೋಗಲೇ ಇಲ್ಲ. ಅವನ ಹೆಸರು ಹೇಳಿದಾಗ ನೆನಪಾಗುವ ಲಸಿಕೆಗಳೆಲ್ಲ ಆಮೇಲಿನವು.

ಕೋಳಿಗಳ ಕಾಲರಾ ಮೊದಲು. ಹಳೆಯದಾದ ರೋಗಾಣು ಕೋಳಿಯನ್ನು ಕೊಲ್ಲದೆ ಕಾಪಾಡುತ್ತದೆ ಎಂದು ತಿಳಿಯಿತು. 1881ರ ಬೇಸಿಗೆಯಲ್ಲಿ ಪೂಯಿ ಲ ಫೋರ್ ಎಂಬ ಹಳ್ಳಿಯ ತೋಟದಲ್ಲಿ ಜನರ ಎದುರೇ ನೆರಡಿ ರೋಗದ ಲಸಿಕೆಯ ಪ್ರಯೋಗ ನಡೆಯಿತು. ಲಸಿಕೆ ಹಾಕಿದ 24 ಕುರಿಗಳು ಉಳಿದವು. ಹಾಕದ ಕುರಿಗಳು ಎರಡು ಮೂರು ದಿನದಲ್ಲಿ ಸತ್ತು ಬಿದ್ದವು. ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಆ ಲಸಿಕೆ ತಯಾರಾದದ್ದು ಪಾಶ್ಚರ್ ಜನರಿಗೆ ತಿಳಿಸಿದ ವಿಧಾನದಿಂದ ಅಲ್ಲ, ಅವನ ಸಹಾಯಕರು ರಾಸಾಯನಿಕ ಬಳಸಿ ಮಾಡಿದ ಇನ್ನೊಂದು ವಿಧಾನದಿಂದ. ಶತಮಾನ ಕಳೆದ ಮೇಲೆ ಅವನ ಪ್ರಯೋಗದ ನೋಟ್‌ಬುಕ್‌ಗಳನ್ನು ಇತಿಹಾಸಕಾರರು ಓದಿದಾಗ ಇದು ವಿವರವಾಗಿ ಹೊರಬಂತು. ಅವನು ದೇವರಲ್ಲ. ಗೆಲ್ಲುವ ಹಟ, ಕೀರ್ತಿಯ ಆಸೆ ಎರಡೂ ಇದ್ದ ಮನುಷ್ಯ.

1880ರಿಂದ ಅವನ ಗಮನ ರೇಬಿಸ್ ಕಡೆಗೆ ತಿರುಗಿತ್ತು. ಸತ್ತವರ ಸಂಖ್ಯೆ ನೋಡಿದರೆ ಫ್ರಾನ್ಸಿನಲ್ಲಿ ಅದು ದೊಡ್ಡ ರೋಗವಲ್ಲ. ಆದರೆ ಅದಕ್ಕೆ ಹೆದರದವರಿರಲಿಲ್ಲ. ಕಷ್ಟವೆಂದರೆ ರೋಗಾಣು ಕಣ್ಣಿಗೇ ಬೀಳುತ್ತಿರಲಿಲ್ಲ. ವೈರಸ್ ಎಂಬುದು ಅಂದಿನ ಸೂಕ್ಷ್ಮದರ್ಶಕಕ್ಕೆ ನಿಲುಕದ್ದು. ಜೊಲ್ಲಿನಲ್ಲಿರುವ ವಿಷ ನರಗಳ ಮೂಲಕ ಮಿದುಳು ಸೇರುತ್ತದೆ ಎಂದು ಊಹಿಸಿ, ಪಾಶ್ಚರ್ ಮತ್ತು ಅವನ ಸಹಾಯಕ ವೈದ್ಯ ಎಮಿಲ್ ರೂ ಮೊಲದಿಂದ ಮೊಲಕ್ಕೆ ಅದನ್ನು ದಾಟಿಸುತ್ತ ಹೋದರು. ಸತ್ತ ಮೊಲದ ಬೆನ್ನುಹುರಿಯನ್ನು ತೇವ ಹೀರುವ ಪೊಟ್ಯಾಷ್ ಇಟ್ಟ ಸೀಸೆಯಲ್ಲಿ ತೂಗುಹಾಕಿ ಒಣಗಿಸಿದರೆ ದಿನದಿಂದ ದಿನಕ್ಕೆ ವಿಷದ ಕಸುವು ಇಳಿಯುತ್ತಿತ್ತು. ಎರಡು ವಾರ ಒಣಗಿದ್ದು ನಿರಪಾಯ, ನಿನ್ನೆಯದು ಪ್ರಾಣಾಂತಿಕ. ಒಣಗಿದ್ದರಿಂದ ಶುರುಮಾಡಿ ಹಸಿಯದರವರೆಗೆ ದಿನಕ್ಕೊಂದು ಚುಚ್ಚಿದರೆ ದೇಹ ರೋಗಕ್ಕೆ ಮೊದಲೇ ಸಿದ್ಧವಾಗುತ್ತದೆ ಎಂಬುದು ಲೆಕ್ಕಾಚಾರ. ನಾಯಿ ಕಚ್ಚಿದ ಮೇಲೆ ಮಿದುಳು ಮುಟ್ಟಲು ರೇಬಿಸ್‌ಗೆ ವಾರಗಳೇ ಬೇಕು. ಆ ಅವಧಿಯಲ್ಲಿ ಲಸಿಕೆ ಅದನ್ನು ಹಿಂದೆ ಹಾಕಬೇಕು. ಓಟದ ಪಂದ್ಯ ಇದ್ದ ಹಾಗೆ.

1885ರ ಜುಲೈ 6, ಸೋಮವಾರ. ಅಲ್ಸಾಸ್ ಸೀಮೆಯಿಂದ ಮೂವರು ಅವನ ಪ್ರಯೋಗಾಲಯದ ಬಾಗಿಲಿಗೆ ಬಂದರು. ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್, ಅವನ ತಾಯಿ, ಮತ್ತು ನಾಯಿಯ ಮಾಲೀಕ ತಿಯೋಡೋರ್ ವೋನ್ ಎಂಬ ಅಂಗಡಿಕಾರ. ಎರಡು ದಿನದ ಹಿಂದೆ ಶಾಲೆಯ ದಾರಿಯಲ್ಲಿ ನಾಯಿ ಹುಡುಗನನ್ನು ಕೆಡವಿ 14 ಕಡೆ ಕಚ್ಚಿತ್ತು. ಕೈ, ತೊಡೆ, ಕಾಲು. ಗಾಯಗಳು ಎಷ್ಟು ಆಳವಾಗಿದ್ದವೆಂದರೆ ನಡೆಯುವುದೂ ಕಷ್ಟವಾಗಿತ್ತು. ಊರಿನ ವೈದ್ಯ ಗಾಯಗಳಿಗೆ ಕಾರ್ಬಾಲಿಕ್ ಆಮ್ಲ ಹಚ್ಚಿದ್ದ, ಅದೂ ಹನ್ನೆರಡು ಗಂಟೆ ತಡವಾಗಿ. ನಾಯಿ ತನ್ನ ಮಾಲೀಕನ ಮೇಲೂ ಎರಗಿತ್ತು. ಕೊಂದು ಹೊಟ್ಟೆ ಕೊಯ್ದು ನೋಡಿದಾಗ ಹುಲ್ಲು, ಮರದ ಚೂರು ಸಿಕ್ಕಿದ್ದವು. ಅಂದಿನವರಿಗೆ ಅದು ಹುಚ್ಚಿನ ಗುರುತು.

ಇಲ್ಲಿ ಪಾಶ್ಚರ್ ಮಾಡಿದ ಮೊದಲ ಕೆಲಸವನ್ನು ಹೆಚ್ಚು ಜನ ಗಮನಿಸುವುದಿಲ್ಲ. ಒಂದೇ ನಾಯಿ, ಒಂದೇ ದಿನ, ಇಬ್ಬರನ್ನು ಕಚ್ಚಿದೆ. ವೋನ್‌ನ ತೋಳನ್ನು ಪರೀಕ್ಷಿಸಿದರು. ಹಲ್ಲು ಒತ್ತಿದ ಗುರುತು ಇತ್ತು, ಆದರೆ ಅಂಗಿಯ ಬಟ್ಟೆ ದಾಟಿರಲಿಲ್ಲ, ಚರ್ಮ ಒಡೆದಿರಲಿಲ್ಲ. ಹೆದರಬೇಕಾಗಿಲ್ಲ, ಊರಿಗೆ ಹೋಗಬಹುದು ಎಂದು ಅವನನ್ನು ಕಳಿಸಿಕೊಟ್ಟರು. ಹುಡುಗ ಮತ್ತು ತಾಯಿಯನ್ನು ಉಳಿಸಿಕೊಂಡರು. ಯಾರಿಗೆ ಲಸಿಕೆ ಬೇಕು, ಯಾರಿಗೆ ಬೇಡ ಎಂಬ ತೀರ್ಮಾನ ಅಲ್ಲಿ ನಾಯಿಯ ಮೇಲಷ್ಟೇ ನಿಂತಿರಲಿಲ್ಲ, ಚರ್ಮ ಒಡೆದಿದೆಯೇ ಎಂಬುದರ ಮೇಲೂ ನಿಂತಿತ್ತು. 140 ವರ್ಷ ಕಳೆದರೂ ವೈದ್ಯರು ಮೊದಲು ನೋಡುವುದು ಅದನ್ನೇ.

ಹುಡುಗನ ವಿಷಯ ಅಷ್ಟು ಸುಲಭವಿರಲಿಲ್ಲ. ಹುಚ್ಚುನಾಯಿ ಕಚ್ಚಿದವರೆಲ್ಲ ಸಾಯುವುದಿಲ್ಲ. ರೋಗ ಬಂದರೆ ಮಾತ್ರ ಯಾರೂ ಉಳಿಯುವುದಿಲ್ಲ. ಸುಮ್ಮನಿದ್ದರೆ ಹುಡುಗ ಸಾಯಬಹುದು. ಚುಚ್ಚಿದರೆ, ರೋಗ ಬರದೇ ಇರಬಹುದಾಗಿದ್ದ ಹುಡುಗನಿಗೆ ತಾನೇ ರೋಗ ಕೊಟ್ಟಂತೆ ಆಗಲೂಬಹುದು, ಏಕೆಂದರೆ ಕೊನೆಯ ಚುಚ್ಚುಮದ್ದುಗಳಲ್ಲಿದ್ದದ್ದು ಜೀವಂತ ವಿಷ. ಅದಕ್ಕೆ ಮುಂಚೆ ರೋಗಲಕ್ಷಣ ಇದೆ ಎನ್ನಲಾದ ಇಬ್ಬರಿಗೆ ಚುಚ್ಚಿ ನೋಡಿದ್ದ. ಅವರಲ್ಲಿ ಒಬ್ಬ ಹುಡುಗಿ ಸತ್ತಿದ್ದಳು. ಹುಡುಗನಿಗೆ ಕೊಡಬೇಕಿದ್ದ ಕ್ರಮದಲ್ಲಿ ನಾಯಿಗಳ ಮೇಲಿನ ಪ್ರಯೋಗ ಆಗಿನ್ನೂ ಮುಗಿದಿರಲಿಲ್ಲ ಎಂಬುದೂ ನೋಟ್‌ಬುಕ್‌ಗಳಿಂದ ತಿಳಿಯುತ್ತದೆ. ಸಹಾಯಕ ರೂ ಇದನ್ನು ಒಪ್ಪದೆ ದೂರ ಉಳಿದ. ಪಾಶ್ಚರ್ ವೈದ್ಯನಲ್ಲ, ಸೂಜಿ ಹಿಡಿಯುವ ಹಕ್ಕೇ ಇರಲಿಲ್ಲ. ವೈದ್ಯರಾದ ವುಲ್ಪಿಯಾನ್ ಮತ್ತು ಗ್ರಾಂಶೆ ಹುಡುಗನನ್ನು ನೋಡಿದರು. ಗಾಯಗಳ ಸಂಖ್ಯೆ, ಆಳ ಕಂಡು ಸಾವು ಹೆಚ್ಚುಕಡಿಮೆ ಖಚಿತ ಎಂದು ಇಬ್ಬರಿಗೂ ಅನ್ನಿಸಿತು. ಅದೇ ರಾತ್ರಿ ಗ್ರಾಂಶೆ ಹುಡುಗನ ಹೊಟ್ಟೆಯ ಚರ್ಮದಡಿ ಮೊದಲ ಚುಚ್ಚುಮದ್ದು ಕೊಟ್ಟರು. ಕಚ್ಚಿ ಸುಮಾರು 60 ಗಂಟೆಯಾಗಿತ್ತು.

ಒಟ್ಟು 13 ಚುಚ್ಚುಮದ್ದು, ಜುಲೈ 16ರವರೆಗೆ. ದಿನ ಹೋದಂತೆ ವಿಷದ ಕಸುವು ಏರುತ್ತಿತ್ತು, ಪಾಶ್ಚರ್‌ನ ನಿದ್ದೆ ಇಳಿಯುತ್ತಿತ್ತು. ಹುಡುಗ ಮಾತ್ರ ಪ್ರಯೋಗಾಲಯದ ಮೊಲ, ಇಲಿಗಳ ಜೊತೆ ಆಡಿಕೊಂಡಿದ್ದ. ವಾರಗಳು ಕಳೆದವು, ತಿಂಗಳು ಕಳೆಯಿತು. ಜೋಸೆಫ್ ಬದುಕಿದ. ಮುಂದೆ ಅವನು ದೊಡ್ಡವನಾಗಿ ಪಾಶ್ಚರ್ ಸಂಸ್ಥೆಯಲ್ಲೇ ಕಾವಲುಗಾರನಾಗಿ ಕೆಲಸ ಮಾಡಿದ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಜ್ಯೂರಾದ ಕುರಿಗಾಹಿ ಹುಡುಗ ಜ್ಯುಪೀಯ ಬಂದ. ಚಿಕ್ಕ ಮಕ್ಕಳ ಮೇಲೆ ಬಿದ್ದ ಹುಚ್ಚುನಾಯಿಗೆ ಅಡ್ಡನಿಂತು ಅದನ್ನು ಹಿಡಿದು ಕೊಂದವನು. ಕಚ್ಚಿ ಆರು ದಿನವಾಗಿತ್ತು, ಅವನೂ ಉಳಿದ. ನಾಯಿಯೊಡನೆ ಸೆಣಸುವ ಅವನ ಪ್ರತಿಮೆ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಅಂಗಳದಲ್ಲಿದೆ.

ಆಮೇಲೆ ಬಂದವಳು ಲೂಯಿಸ್ ಪೆಲ್ಲೆತಿಯೇ, ಹತ್ತು ವರ್ಷದ ಹುಡುಗಿ. ತಲೆಗೆ ಕಚ್ಚಿತ್ತು. ಕರೆತಂದದ್ದು 37 ದಿನಗಳ ಮೇಲೆ. ತಡವಾಗಿದೆ ಎಂದು ಪಾಶ್ಚರ್‌ಗೆ ಗೊತ್ತಿತ್ತು. ಅವಳು ಸತ್ತರೆ ಲಸಿಕೆಯ ಮೇಲೇ ಅಪವಾದ ಬರುತ್ತದೆ ಎಂಬುದೂ ಗೊತ್ತಿತ್ತು. ಆದರೂ ಅಪ್ಪ ಅಮ್ಮನ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. ಡಿಸೆಂಬರ್ 3ರಂದು ಹುಡುಗಿ ತೀರಿಕೊಂಡಳು. ಕೊನೆಯ ಗಂಟೆಗಳಲ್ಲಿ ಅವನು ಅವಳ ಹಾಸಿಗೆಯ ಬಳಿಯೇ ಇದ್ದ.

ಈ ಪುಟ ಓದಿದಾಗ ರಾತ್ರಿ ಎಂಟಾಗಿತ್ತು. ಮೇಜಿನ ಕೆಳಗೆ ಕೈ ಹಾಕಿ ಮೀನಖಂಡ ಮುಟ್ಟಿಕೊಂಡೆ. 60 ಗಂಟೆಗೆ ಬಂದವನು ಉಳಿದ, ಆರು ದಿನಕ್ಕೆ ಬಂದವನು ಉಳಿದ, 37 ದಿನಕ್ಕೆ ಬಂದವಳು ಹೋದಳು. ನನ್ನ ಸೋಮವಾರ ಎಲ್ಲಿಗೆ ಸೇರುತ್ತದೆ? ಅದಕ್ಕಿಂತ ಹೆಚ್ಚಾಗಿ ನನ್ನನ್ನು ಎಬ್ಬಿಸಿದ್ದು ಇನ್ನೊಂದು ಯೋಚನೆ. ಪಾಶ್ಚರ್ ಮುಂದೆ ಎರಡು ಕಡೆಯೂ ಸಾವಿತ್ತು. ಹಾಗಾಗಿ ಅವನ ತೀರ್ಮಾನ ಕಷ್ಟದ್ದಾಗಿತ್ತು. ಇಂದಿನ ಲಸಿಕೆಯಲ್ಲಿರುವುದು ನಿಷ್ಕ್ರಿಯಗೊಳಿಸಿದ ವೈರಸ್, ಅದರಿಂದ ರೇಬಿಸ್ ಬರುವುದಿಲ್ಲ. ನನ್ನ ತಕ್ಕಡಿಯ ಒಂದು ಕಡೆ ಸಾವು, ಇನ್ನೊಂದು ಕಡೆ ನಾಲ್ಕು ದಿನದ ಸೂಜಿ ಮತ್ತು ಒಂದಷ್ಟು ಓದಿನ ಸಮಯ. ಇಷ್ಟು ಸುಲಭದ ಲೆಕ್ಕವನ್ನು ತಪ್ಪು ಮಾಡಲು ಹೊರಟಿದ್ದೆ. ಪುಸ್ತಕ ಮುಚ್ಚಿ ರೂಮಿಗೆ ಹೋಗಿ ನಲ್ಲಿ ಬಿಟ್ಟು ಸೋಪಿನಲ್ಲಿ ಕಾಲು ತೊಳೆದೆ. ಅಲ್ಲಿಂದ ಆಟೊ ಹತ್ತಿ ಸರ್ಕಾರಿ ಆಸ್ಪತ್ರೆಗೆ ಹೋದೆ.

ಕರ್ತವ್ಯದಲ್ಲಿದ್ದ ವೈದ್ಯೆ ಬೈಯಲಿಲ್ಲ. ಬೆಳಿಗ್ಗೆಯೇ ಹದಿನೈದು ನಿಮಿಷ ತೊಳೆಯಬೇಕಿತ್ತು ಎಂದಷ್ಟೇ ಹೇಳಿ, ಗಾಯವನ್ನು ಮೂರು ಬಗೆಯಾಗಿ ನೋಡುವ ಕ್ರಮ ವಿವರಿಸಿದರು. ನಾಯಿಯನ್ನು ಮುಟ್ಟಿದ್ದು, ಅನ್ನ ಹಾಕಿದ್ದು, ಗಾಯವಿಲ್ಲದ ಚರ್ಮವನ್ನು ಅದು ನೆಕ್ಕಿದ್ದು ಮೊದಲನೆಯದು. ಇದು ನಿಜವೆಂದು ಖಚಿತವಿದ್ದರೆ ತೊಳೆದುಕೊಂಡರೆ ಸಾಕು, ಲಸಿಕೆ ಬೇಡ. ವೋನ್ ಸೇರುವುದು ಇಲ್ಲಿಗೆ. ರಕ್ತ ಬಾರದ ತರಚು, ಬರಿಯ ಚರ್ಮವನ್ನು ಹಲ್ಲಿನಿಂದ ಮೆಲ್ಲಗೆ ಕಚ್ಚಿದ್ದು ಎರಡನೆಯದು. ಇದಕ್ಕೆ ಲಸಿಕೆ ಬೇಕು. ಚರ್ಮ ಒಡೆದು ರಕ್ತ ಬಂದಿದ್ದು, ಮೊದಲೇ ಇದ್ದ ಗಾಯವನ್ನೋ ಬಾಯಿ, ಕಣ್ಣನ್ನೋ ನೆಕ್ಕಿದ್ದು ಮೂರನೆಯದು. ಇದಕ್ಕೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯವನ್ನು ಗಾಯದೊಳಗೇ ಚುಚ್ಚಬೇಕು. ಲಸಿಕೆ ಕೆಲಸ ಶುರುಮಾಡಲು ಕೆಲವು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಗಾಯದಲ್ಲೇ ವೈರಸ್ಸನ್ನು ತಡೆಯುವುದು ಇದು. ಜೋಸೆಫ್ ಈ ಗುಂಪು. ಸಾಸಿವೆ ಕಾಳಿನಷ್ಟು ರಕ್ತದ ನಾನೂ ಇದೇ ಗುಂಪು. ಗಾಯ ಸಣ್ಣದೋ ದೊಡ್ಡದೋ ಎಂಬುದು ಪ್ರಶ್ನೆಯೇ ಅಲ್ಲ. ಪ್ಯಾಂಟ್ ಹರಿದಿಲ್ಲ ಎಂಬುದೂ ಸಮಾಧಾನವಲ್ಲ, ಒಳಗಿನ ಚರ್ಮ ನೋಡಬೇಕು.

ನಾಯಿ ಚೆನ್ನಾಗಿಯೇ ಇತ್ತಲ್ಲ ಎಂದು ಕೇಳಿದೆ. ನಾಯಿಯನ್ನು ಹತ್ತು ದಿನ ಗಮನಿಸುವುದು ಒಳ್ಳೆಯದೇ, ರೇಬಿಸ್ ಇರುವ ನಾಯಿ ಅಷ್ಟರಲ್ಲಿ ಕಾಯಿಲೆ ಬಿದ್ದು ಸಾಯುತ್ತದೆ. ಆದರೆ ಹತ್ತು ದಿನ ಕಾದು ಆಮೇಲೆ ಲಸಿಕೆ ಹಾಕಿಸುವುದಲ್ಲ, ಹಾಕಿಸುತ್ತಲೇ ಗಮನಿಸುವುದು. ಸಾಕುನಾಯಿ, ಲಸಿಕೆ ಹಾಕಿದ ನಾಯಿ ಎಂಬ ಕಾರಣಕ್ಕೆ ಕೂರಬಾರದು. ಮರಿ ಕಚ್ಚಿದರೂ ಅಷ್ಟೇ. ಸುಣ್ಣ, ಮೆಣಸಿನಪುಡಿ, ಅರಿಶಿನ ಯಾವುದನ್ನೂ ಗಾಯಕ್ಕೆ ಹಚ್ಚಬಾರದು. ಬಸುರಿಯರಿಗೂ ಹಸುಗೂಸಿಗೂ ಈ ಲಸಿಕೆ ಕೊಡಬಹುದು.

ಅಜ್ಜನ ಹದಿನಾಲ್ಕು ಇಂಜೆಕ್ಷನ್ ಕಥೆಯೂ ಸುಳ್ಳಲ್ಲ. 1900ರಲ್ಲಿ ಹಿಮಾಚಲದ ಕಸೌಲಿಯಲ್ಲಿ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ಶುರುವಾದವು. ದಕ್ಷಿಣದವರಿಗೆ ಕೂನೂರೇ ಆಸರೆಯಾಯಿತು. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಕುರಿಯ ಮಿದುಳಿನಿಂದ ಮಾಡುವ ಲಸಿಕೆ ತಯಾರಿಸಿದ. ಹೊಟ್ಟೆಗೆ ಚುಚ್ಚುತ್ತಿದ್ದದ್ದು ಅದನ್ನೇ. ಲಕ್ಷಾಂತರ ಜನರನ್ನು ಅದು ಕಾಪಾಡಿದ್ದು ಹೌದು, ಕೆಲವರಿಗೆ ನರಗಳ ತೊಂದರೆ ತಂದದ್ದೂ ಹೌದು. 2004-05ರ ಹೊತ್ತಿಗೆ ಭಾರತ ಅದನ್ನು ಪೂರ್ತಿ ಕೈಬಿಟ್ಟಿತು. ಈಗ ತೋಳಿಗೆ ಕೊಡುತ್ತಾರೆ. ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ, ಚರ್ಮದ ಪದರಕ್ಕೆ ಕೊಡುವುದಾದರೆ 0, 3, 7, 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನ. ನನ್ನ ಮೂರನೇ ದಿನ ಸರಿಯಾಗಿ ಪರೀಕ್ಷೆಯ ಭಾನುವಾರವೇ ಬಂತು. ಪತ್ರಿಕೆ ಬರೆದು ನೇರ ಆಸ್ಪತ್ರೆಗೆ ಹೋದೆ. ಎರಡೂ ಕೆಲಸ ಒಂದೇ ದಿನದಲ್ಲಿ ಮುಗಿದವು.

ಪಾಶ್ಚರ್ ಕಥೆಯ ಕೊನೆ ಹೇಳಿಬಿಡುತ್ತೇನೆ. 1886ರ ಮಾರ್ಚ್‌ನಲ್ಲಿ ರಷ್ಯಾದ ಸ್ಮೊಲೆನ್ಸ್ಕ್‌ನಿಂದ ಹುಚ್ಚು ತೋಳ ಕಚ್ಚಿದ 19 ರೈತರು ಬಂದರು. ಮೂವರು ಸತ್ತರು, 16 ಮಂದಿ ಊರಿಗೆ ಮರಳಿದರು. ಟೀಕೆ ನಿಲ್ಲಲಿಲ್ಲ. ಲಸಿಕೆಯೇ ಜನರನ್ನು ಕೊಲ್ಲುತ್ತಿದೆ ಎಂದು ಪ್ಯಾರಿಸ್ಸಿನ ವೈದ್ಯರೇ ಕೆಲವರು ಆರೋಪಿಸಿದರು. ಇಂಗ್ಲೆಂಡಿನ ಸಮಿತಿಯೊಂದು ಪ್ರಯೋಗಗಳನ್ನು ತಾನೇ ಮಾಡಿ ನೋಡಿ ಸರಿ ಎಂದಿತು. ದೇಶ ದೇಶಗಳಿಂದ ದೇಣಿಗೆ ಹರಿದುಬಂತು. ರಾಜರೂ ಕೊಟ್ಟರು, ಬಡವರೂ ಕೊಟ್ಟರು. 1888ರ ನವೆಂಬರ್ 14ರಂದು ಪ್ಯಾರಿಸ್ಸಿನಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು. ಆ ದಿನ ಅವನಿಗೆ ಗಂಟಲು ಕಟ್ಟಿ ಭಾಷಣ ಓದಲಾಗಲಿಲ್ಲ, ಮಗ ಓದಿದ. 1895ರ ಸೆಪ್ಟೆಂಬರ್ 28ರಂದು, 72ರ ವಯಸ್ಸಿನಲ್ಲಿ ಪಾಶ್ಚರ್ ತೀರಿಕೊಂಡ. ಅವನ ಸಮಾಧಿ ಆ ಸಂಸ್ಥೆಯೊಳಗೇ ಇದೆ. ಆ ದಿನವನ್ನೇ ಈಗ ವಿಶ್ವ ರೇಬಿಸ್ ದಿನವಾಗಿ ಆಚರಿಸುತ್ತಾರೆ.

ಲಸಿಕೆ ಬಂದು 140 ವರ್ಷವಾಯಿತು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನ ರೇಬಿಸ್ ಸಾವುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಭಾರತದಲ್ಲೇ ಆಗುತ್ತಿವೆ. ಕರ್ನಾಟಕ ಸರ್ಕಾರ 2022ರಲ್ಲಿ ಇದನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆಗೆ ಹಣ ಕೊಡಬೇಕಿಲ್ಲ. ಕೊರತೆ ಇರುವುದು ಬಹುಮಟ್ಟಿಗೆ ನನ್ನಂಥವರ ಸೋಮವಾರದಲ್ಲಿ. ನಾಳೆ, ನಾಡಿದ್ದು, ಪರೀಕ್ಷೆ ಮುಗಿದ ಮೇಲೆ, ಸಂದರ್ಶನ ಮುಗಿದ ಮೇಲೆ ಎಂಬ ಮುಂದೂಡಿಕೆಯಲ್ಲಿ.

ನನ್ನನ್ನು ಕಚ್ಚಿದ ನಾಯಿ ಹತ್ತನೇ ದಿನವೂ ಅದೇ ತಿರುವಿನಲ್ಲಿ ಬೆಣ್ಣೆದೋಸೆ ಗಾಡಿಯ ಪಕ್ಕ ಬಾಲ ಅಲ್ಲಾಡಿಸಿಕೊಂಡು ಮಲಗಿತ್ತು. ಆದರೂ ವೈದ್ಯೆ ಹೇಳಿದಂತೆ 28ನೇ ದಿನದ ಚುಚ್ಚುಮದ್ದನ್ನೂ ಹಾಕಿಸಿಕೊಂಡೆ. ಮತ್ತೆ ಯಾವತ್ತಾದರೂ ಕಚ್ಚಿದರೆ ಎರಡೇ ಚುಚ್ಚುಮದ್ದು ಸಾಕಂತೆ, ಆ ಚೀಟಿಯನ್ನು ಅಂಕಪಟ್ಟಿಗಳ ಜೊತೆಗೇ ಫೈಲಿನಲ್ಲಿ ಇಟ್ಟಿದ್ದೇನೆ. ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿಲ್ಲ. ಪತ್ರಿಕೆಯಲ್ಲಿ ಪಾಶ್ಚರ್ ಬಗ್ಗೆ ಪ್ರಶ್ನೆಯೂ ಬಂದಿರಲಿಲ್ಲ.